ಸ್ಫಟಿಕದ ಡಬ್ಬಿಗೆ ಇಟ್ಟ ಹೆಸರು

ಕಾರ್ತಿಕ ಮಾಸದ ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ಕುಳಿತು ಬತ್ತಿ ಹೊಸೆಯುತ್ತಿದ್ದೆ. ಆ ತಿಂಗಳಿಡೀ ಗುಡಿಗೆ ಎರಡು ದೀಪ, ಮನೆಯ ದೇವರ ಜಗಲಿಗೆ ಎರಡು. ಒಳಕೋಣೆಯಲ್ಲಿ ನನ್ನ ನಾದಿನಿ ಕಿವಿಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದಳು. ಹೆರಿಗೆಯಾಗಿ ಒಂಬತ್ತು ದಿನ. ತಾಯಿ, ಕೂಸು ಇಬ್ಬರೂ ಸುಖವಾಗಿದ್ದರು. ಶಿವ ಕೊಟ್ಟದ್ದು ಅದೇ ದೊಡ್ಡದು ಎಂದುಕೊಳ್ಳುತ್ತಿದ್ದಾಗ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದಾಯಿತು.

"ಅಕ್ಕಾರ, ಒಳಗ ಬರಬಹುದೇನ್ರಿ?"

ನಾದಿನಿ ಗುಲ್ಬರ್ಗದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು. ಬಂದವರು ಅವಳ ಜೊತೆ ಲ್ಯಾಬಿನಲ್ಲಿ ಕೆಲಸ ಮಾಡುವವರು, ನಮ್ಮ ಜೇವರ್ಗಿಯವರೇ, ದಿನವೂ ಬಸ್ಸಿನಲ್ಲಿ ಹೋಗಿ ಬರುವವರು. ನಾದಿನಿ ಅವರನ್ನು ಸರ್ ಎನ್ನುವಳು, ಮನೆಯ ನಾವೆಲ್ಲ ಭಾಯಿ ಎನ್ನುತ್ತಿದ್ದೆವು. ಬಾಣಂತಿಯ ಕೋಣೆಗೆ ಗಂಡಸರು ಹೋಗುವಂತಿಲ್ಲ. ಅವರು ಚಾಪೆಯ ಮೇಲೆ ಕುಳಿತು, ಪರದೆಯತ್ತ ಮುಖ ಮಾಡಿ ಹೇಳಿದರು.

"ಮೇಡಂ, ಗಂಟಿ ಭಾಳ ಪರೇಶಾನ್ ಮಾಡಾಕತ್ತದ. ತಾಸಿಗೊಮ್ಮಿ ಹೊಡಿ ಅಂದ್ರ ಮುಕ್ಕಾಲು ತಾಸಿಗೇ ಹೊಡಿತದ. ಶುಕ್ರವಾರ ಕಮಿಟಿಯವ್ರು ಬರ್ತಾರ."

ಪರದೆಯ ಆಚೆ ಕೂಸು ಚೀಪುತ್ತಿತ್ತು.

ಪರೀಕ್ಷೆಯ ಕೋಣೆಗಳಿಗೆ ತಾನೇ ತಾನಾಗಿ ಗಂಟೆ ಬಾರಿಸುವ ಯಂತ್ರ ಅದು. ಸರ್ಕ್ಯೂಟಿನ ಹಲಗೆಯಿಂದ ಹಿಡಿದು ಒಳಗಿನ ಪ್ರೋಗ್ರಾಮಿನ ತನಕ ಇವರಿಬ್ಬರೇ ಮಾಡಿದ್ದರು. ನಾದಿನಿಯದು ತಾತ್ಕಾಲಿಕ ನೌಕರಿ. ಕಮಿಟಿ ಮೆಚ್ಚಿದರೆ ಕಾಯಂ. ಇಲ್ಲದಿದ್ದರೆ ಅವಳು ಬಾಣಂತನ ಮುಗಿಸಿ ಹೋಗುವಷ್ಟರಲ್ಲಿ ಆ ಕುರ್ಚಿಯಲ್ಲಿ ಬೇರೆಯವರು. "ವೈನಿ, ಈ ನೌಕರಿ ಹೋದ್ರ ನಾ ಮತ್ತ ಪುಸ್ತಕ ಮುಟ್ಟೋದು ಸುಳ್ಳ" ಎಂದು ಬಸುರಿಯಿದ್ದಾಗಲೇ ಒಮ್ಮೆ ನನ್ನ ಮುಂದೆ ಹೇಳಿದ್ದಳು.

ಹೆರಿಗೆಗೆ ಬಂದಾಗ ಅವಳು ಆ ಹಲಗೆಯನ್ನೂ ಒಂದು ನೋಟ್‌ಬುಕ್ಕನ್ನೂ ಜೊತೆಗೇ ತಂದಿದ್ದಳು. ನಾನು ರೊಟ್ಟಿ ಬಡಿಯುವಾಗ ಅಡುಗೆಮನೆಯ ಗೋಡೆಗೆ ಒರಗಿ ಕುಳಿತು ಪುಟ ತುಂಬ ಬರೆಯುವಳು. ಏನು ಬರೆಯುತ್ತಿ ಎಂದು ಕೇಳಿದ್ದಕ್ಕೆ ಕರ್ನಲ್ ಎಂದಳು. ಎಲ್ಲ ಪ್ರೋಗ್ರಾಮಿನ ಒಳಗಿನ ತಿರುಳಂತೆ, ಮೇಲಿನದೆಲ್ಲ ಸಿಪ್ಪೆಯಂತೆ.

"ಅದಕ್ಕ ಕಣ್ಣಿಲ್ಲ ವೈನಿ. ಹಲಗಿ ಮ್ಯಾಲ ಏನೇನದ ಅಂತ ಒಂದೊಂದಕ್ಕೂ ಹೆಸರಿಟ್ಟು, ವರ್ಣನಾ ಬರ್ದು ಕೊಡಬೇಕು. ನಾವು ಬರ್ದಿದ್ದೇ ಖರೆ ಅಂತ ನಂಬತದ."

ಹಲಗೆಯ ನಡುವೆ ಹುಣಸೆ ಬೀಜದಷ್ಟು ಒಂದು ಬೆಳ್ಳಿ ಬಣ್ಣದ ಡಬ್ಬಿ ಇತ್ತು. ಅದು ಆಸಿಲೇಟರು. ಒಳಗೆ ಸ್ಫಟಿಕದ ಚೂರು ನಡುಗುತ್ತ ಇರುತ್ತದೆ, ಆ ನಡುಕ ಎಣಿಸಿಯೇ ಯಂತ್ರಕ್ಕೆ ವೇಳೆ ತಿಳಿಯುವುದು ಎಂದಳು. ಸ್ಫಟಿಕ ಎಂದ ಮೇಲೆ ನನಗೆ ಅದು ಬರೀ ಡಬ್ಬಿಯಾಗಿ ಉಳಿಯಲಿಲ್ಲ. ನನ್ನ ಕೊರಳಲ್ಲಿನ ಇಷ್ಟಲಿಂಗದ ಕರಡಿಗೆಯ ಹಾಗೆ ಮಿರಿಮಿರಿ ಮಿಂಚುತ್ತಿತ್ತು.

ದಸರೆಯ ಖಂಡೆಪೂಜೆಯ ದಿನ ಕುಡಗೋಲು, ಈಳಿಗೆ, ಹೊಲಿಗೆಯಂತ್ರ ಎಲ್ಲಕ್ಕೂ ವಿಭೂತಿ ಹಚ್ಚಿದೆ. ನಾದಿನಿಯ ಹಲಗೆಯೂ ದುಡಿಯುವ ವಸ್ತುವೇ. ಕಿರುಬೆರಳು ತೇವ ಮಾಡಿ ಆ ಡಬ್ಬಿಗೂ ಒಂದು ಬೊಟ್ಟು ಹಚ್ಚಿ ಕೈ ಮುಗಿದೆ. ಮರುದಿನ ಅವಳು ಹೊಟ್ಟೆ ಹೊತ್ತು ಬಗ್ಗಲಾರದೆ, "ವೈನಿ, ಡಬ್ಬಿ ಮ್ಯಾಲಿನ ಅಂಕಿ ಓದಿ ಹೇಳು" ಎಂದಳು. ನಾನು ಗೊಬ್ಬೂರಿನ ಸಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದವಳು. ಇಂಗ್ಲಿಷ್ ಅಂಕಿ ಬರುತ್ತವೆ. "ಆರು, ಚುಕ್ಕಿ, ಮೂರು ಸೊನ್ನಿ" ಎಂದೆ. ಆ ಅಂಕಿ ಹತ್ತು ಲಕ್ಷದ ಲೆಕ್ಕದ್ದಂತೆ. ಸೆಕೆಂಡಿಗೆ ಅರವತ್ತು ಲಕ್ಷ ನಡುಕ ಎಂದು ಅವಳು ವರ್ಣನೆ ಬರೆದು, 'ಆರರ ಆಸಿಲೇಟರ್' ಎಂದು ಹೆಸರಿಟ್ಟಳು. ಆಮೇಲೆ ಭಾಯಿ ಬಂದು ಹಲಗೆ, ನೋಟ್‌ಬುಕ್ಕು ಎರಡನ್ನೂ ಕಾಲೇಜಿಗೆ ಒಯ್ದರು.

ಈಗ ಅದೇ ಹಲಗೆ ಭಾಯಿಯ ಕೈಚೀಲದಿಂದ ಹೊರಗೆ ಬಂತು.

"ಎರಡು ದಿನ ಆತ್ರಿ ಮೇಡಂ, ಸಾಲು ಸಾಲು ಓದೀನಿ. ಏನೂ ತಪ್ಪಿಲ್ಲ. ಪುಸ್ತಕದಾಗೂ ಆರು, ಡಬ್ಬಿ ಮ್ಯಾಲೂ ಆರು."

"ಸರ್, ತಾಸಿಗಿ ಮುಕ್ಕಾಲು ತಾಸು ಅಂದ್ರ ಬರೋಬ್ಬರಿ ಲೆಕ್ಕ ಅದ. ಅರವತ್ತು ಲಕ್ಷಕ್ಕ ಒಂದು ಸೆಕೆಂಡು ಅಂತ ಅದು ಎಣಸ್ತದ. ಖರೇನ ಎಂಬತ್ತು ಲಕ್ಷ ನಡಗತಿದ್ರ ಹಿಂಗ ಆಗಬೇಕು. ಆದ್ರ ಡಬ್ಬಿ ಆರರದು ಅದ ಅಲ್ರಿ?" ಎಂದಳು ನಾದಿನಿ, ಪರದೆಯ ಆಚೆಯಿಂದ.

ನನ್ನ ಕೈಯಲ್ಲಿ ಬತ್ತಿ ಹಾಗೆಯೇ ನಿಂತಿತು. ಹಲಗೆಯ ಕಡೆ ನೋಡಿದೆ. ನಾನು ಹಚ್ಚಿದ ಬೊಟ್ಟು ಒಣಗಿ ಗಟ್ಟಿಯಾಗಿ ಅಲ್ಲಿಯೇ ಇತ್ತು, ಮೊದಲ ಅಂಕಿಯ ಬಲಭುಜಕ್ಕೆ ಹತ್ತಿಕೊಂಡು.

ಸುಮ್ಮನಿರಬಹುದಿತ್ತು. ಬತ್ತಿಯಿಂದ ಮೆಲ್ಲಗೆ ಒರೆಸಿ, ಧೂಳು ಕೂತಿತ್ತು ಎನ್ನಬಹುದಿತ್ತು. ಆದರೆ ಸಂಜೆ ಅದೇ ಬೆರಳಿನಿಂದ ಜಗಲಿಯ ಮುಂದೆ ವಿಭೂತಿ ಹಚ್ಚಿಕೊಳ್ಳಬೇಕಲ್ಲ.

"ಭಾಯಿ, ಆ ಬೊಟ್ಟು ನೀವು ಯಾಕ ಒರಸಲಿಲ್ರಿ?"

"ಅಯ್ಯ ಅಕ್ಕಾರ! ಪೂಜಾ ಮಾಡಿದ್ದು. ದರ್ಗಾದ ಊದಿನ ಬೂದಿ ನಾವು ಒರಸಂಗಿಲ್ಲ, ನಿಮ್ಮ ವಿಭೂತಿ ಹ್ಯಾಂಗ ಒರಸ್ಲಿ?"

ಅವರ ಆ ಮರ್ಯಾದೆಗೆ ನನ್ನ ಕಣ್ಣು ತುಂಬಿತು. ಎಣ್ಣೆ ಕಾಣದ ಹೊಸ ಬತ್ತಿಯ ತುದಿಯಿಂದ ಡಬ್ಬಿಯನ್ನು ಉಜ್ಜಿದೆ. ಪುಡಿ ಉದುರಿತು. ಆರರ ಹೆಗಲ ಮೇಲೆ ಒಂದು ಸಣ್ಣ ಕೊಂಕು ಮೂಡಿ ಮೇಲಿನ ಸುತ್ತು ಕೂಡಿಕೊಂಡಿತು.

"ಎಂಟು ಅದ" ಎಂದೆ. "ನಾನೇ ಹಚ್ಚಿದ್ದು, ನಾನೇ ತಪ್ಪು ಓದಿದ್ದು. ನಿನ್ನ ನೌಕರಿಗಿ ನಾ ಅಡ್ಡ ಬಂದೆ ನೋಡವ್ವಾ."

ಒಳಗೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಿದ್ದ ಅತ್ತೆ ಮೊದಲು ಬಾಯಿ ಬಿಟ್ಟರು. "ವಿಭೂತಿದು ತಪ್ಪಿಲ್ಲ ಬಿಡು. ಹಚ್ಚಿದಾಕಿ ಬೆರಳು ದಪ್ಪ ಅದ."

ನಾದಿನಿಗೆ ನಗು ತಡೆಯಲಾಗಲಿಲ್ಲ. "ನಗಬ್ಯಾಡಬೇ, ಹಸಿ ಮೈ" ಎಂದು ಅತ್ತೆ ಗದರಿಸಿದರು. ಭಾಯಿ ಚೀಲದಿಂದ ನೋಟ್‌ಬುಕ್ಕು ತೆಗೆದು, ಆರು ಹೊಡೆದು ಎಂಟು ಮಾಡಿದರೆ ಮುಗಿಯಿತಲ್ಲ ಎಂದರು.

"ಅಷ್ಟಕ್ಕ ಮುಗಿಯಂಗಿಲ್ರಿ ಸರ್. ಹೆಸರು 'ಆರರ ಆಸಿಲೇಟರ್', ವರ್ಣನಾದಾಗ ಎಂಟು ಅಂದ್ರ ನಾಳೆ ಓದಿದವ್ರು ಯಾವುದು ನಂಬಬೇಕು? ಹೆಸರೇ ಬದಲಿ ಆಗಬೇಕು, ಬಂದಲ್ಲೆಲ್ಲಾ."

"ಕೂಸಿಗಿ ಇನ್ನಾ ಹೆಸರಿಲ್ಲ, ಡಬ್ಬಿಗಿ ಎರಡೆರಡು ಹೆಸರು!" ಅತ್ತೆಯ ಮಾತು.

ಬಾಣಂತಿ ಕಣ್ಣಿಗೆ ತ್ರಾಸು ಕೊಡಬಾರದು. ಹಾಗಾಗಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಏನು ಹೆಸರು ಬರೆಯಲಿ ಎಂದೆ.

"ನೀ ನಮ್ಮಣ್ಣನ ಹೆಸರು ಒಂದಿನಾನಾದ್ರೂ ಹೇಳೀದೇನು? 'ಅಂಗಡಿಗಿ ಹೋದವ್ರು' ಅಂತಿ. ನಮಗ್ಯಾರಿಗೂ ತಪ್ಪು ತಿಳಿದಿಲ್ಲ. ಹಂಗೇ ಕೆಲಸದ ಮ್ಯಾಲ ಹೆಸರಿಡೋಣು. 'ಗಂಟಿ ಆಸಿಲೇಟರ್' ಅಂತ ಬರಿ. ಡಬ್ಬಿ ಬದಲಿ ಆದ್ರೂ ಹೆಸರು ಸುಳ್ಳಾಗಂಗಿಲ್ಲ."

ಅವಳು ಒಳಗಿನಿಂದ ಒಂದೊಂದೇ ಇಂಗ್ಲಿಷ್ ಅಕ್ಷರ ಹೇಳಿದಳು, ನಾನು ಒಂದೊಂದೇ ಬರೆದೆ. ಹಳೆಯ ಹೆಸರು ಹನ್ನೊಂದು ಕಡೆ ಇತ್ತು. ಭಾಯಿ ಬೆರಳಿಟ್ಟು ತೋರಿಸುತ್ತ ಹೋದರು. ಹೆಸರಿನ ಕೆಳಗೆ ವರ್ಣನೆ: ಸೆಕೆಂಡಿಗೆ ಎಂಬತ್ತು ಲಕ್ಷ. ಅದರ ಕೆಳಗೆ ನಾದಿನಿ ಇನ್ನೊಂದು ಸಾಲು ಕೂಡಿಸಿದಳು. ಡಬ್ಬಿ ಒರೆಸಿ ನೋಡಿ ಬರೆದದ್ದು, ಎಂದು. ಅದು ಯಂತ್ರಕ್ಕಲ್ಲವಂತೆ, ಮುಂದೆ ಓದುವ ಮನುಷ್ಯರಿಗಂತೆ.

ಭಾಯಿ ಚಹಾ ಕುಡಿದು, ಹಲಗೆಯನ್ನು ಟವೆಲಿನಲ್ಲಿ ಸುತ್ತಿಕೊಂಡು, ನೋಟ್‌ಬುಕ್ಕಿನಲ್ಲಿದ್ದ ಹಾಗೆ ಯಂತ್ರದಲ್ಲೂ ತಿದ್ದುತ್ತೇನೆ ಎಂದು ಹೋದರು. ಶುಕ್ರವಾರಕ್ಕೆ ಇನ್ನೂ ಮೂರು ದಿನ ಇತ್ತು. ನಾನು ದೇವರ ಹತ್ತಿರ ಹೆಚ್ಚು ಬೇಡಲಿಲ್ಲ. ನನ್ನ ತಪ್ಪು ನನ್ನ ಬತ್ತಿಯಿಂದಲೇ ತೊಲಗಿಸಿದ್ದಾನೆ, ಮೇಲೆ ಕೇಳುವುದು ಅತಿಯಾದೀತು ಎಂದುಕೊಂಡೆ. ಆದರೂ ದೀಪಕ್ಕೆ ಎಣ್ಣೆ ತುಸು ಜಾಸ್ತಿಯೇ ಹಾಕಿದೆ.

ಶುಕ್ರವಾರ ಹೊತ್ತು ಇಳಿಯುವಾಗ ಭಾಯಿ ಬಂದರು. ಚಪ್ಪಲಿ ಬಿಡುವ ಮೊದಲೇ ಅಂಗಳದಿಂದ ಕೂಗಿದರು.

"ಮೇಡಂ! ಮೂರು ತಾಸಿಗಿ ಮೂರು ಗಂಟಿ. ಕಮಿಟಿಯವ್ರ ಕೈಗಡಿಯಾರನೇ ಒಂದು ಮಿನಿಟು ಹಿಂದಿತ್ರಿ. ಕಾಯಂ ಮಾಡ್ತೀವಿ ಅಂದ್ರು. ಬಾಣಂತನ ಮುಗಿಸ್ಕೊಂಡು ಆರಾಮ ಬರ್ರಿ ಅಂದ್ರು."

ಪರದೆಯ ಆಚೆಯಿಂದ ಕೂಸಿನ ದನಿ ಎದ್ದಿತು. ತಾಯಿ ತುಸು ಬಿಗಿಯಾಗಿ ಅಪ್ಪಿಕೊಂಡಿರಬೇಕು. ಆಮೇಲೆ ನಾದಿನಿ, "ವೈನಿ, ಮುಂದಿನ ದಸರಾಕ್ಕೂ ಹಲಗಿಗಿ ನೀನೇ ಪೂಜಾ ಮಾಡು. ಬೊಟ್ಟು ಮಾತ್ರ ಅಂಚಿಗಿ ಹಚ್ಚು" ಎಂದಳು.

ಆಗಲಿ ಎಂದೆ. ಬಾಣಂತಿಗೆ ಮೈ ಕಾಯಿಸಿಕೊಳ್ಳುವ ಹೊತ್ತು ಮೀರುತ್ತಿತ್ತು. ಒಲೆಯಿಂದ ಕೆಂಡ ತೆಗೆದು ಅಗ್ಗಿಷ್ಟಿಗೆಗೆ ತುಂಬಿದೆ, ಮೇಲೆ ಒಂದು ಚಿಟಿಕೆ ಲೋಬಾನ ಧೂಪ ಉದುರಿಸಿ ಒಳಗೆ ಒಯ್ದೆ.