ಹಗ್ಗ ಕುಯ್ದ ಮುನಿಕೆಂಪಮ್ಮ

ಯಲಹಂಕದ ಹಳೇ ಬಸ್ ನಿಲ್ದಾಣದ ಫುಟ್‌ಪಾತಿನಲ್ಲಿ ಓಡುವುದಕ್ಕೆ ಬಿರುದು ಕೊಡುವುದಾದರೆ ಕೋಗಿಲು ಊರಿನ ಮುನಿಕೆಂಪಮ್ಮನಿಗೇ ಕೊಡಬೇಕಿತ್ತು. ಸೊಪ್ಪು ಹರಡುವ ಟಾರ್ಪಾಲಿನ ಅಂಚಿಗೆಲ್ಲ ತೂತು ಮಾಡಿ ಹಗ್ಗ ಪೋಣಿಸಿದ್ದಳು. ಅಂಗಡಿ ಎತ್ತಿಸುವ ಪಾಲಿಕೆ ಲಾರಿ ಕಂಡರೆ ಬಾಳೆಹಣ್ಣಿನ ವಾಜಿದ್ ಸಿಳ್ಳೆ ಹೊಡೆಯುವನು. ಹಗ್ಗ ಜಗ್ಗಿದರೆ ಅಂಗಡಿಯೇ ಮೂಟೆ. ಲಾರಿ ನಿಲ್ಲುವಷ್ಟರಲ್ಲಿ ಮೂಟೆ ತಲೆ ಮೇಲೆ, ಮುನಿಕೆಂಪಮ್ಮ ಸಂದಿಯೊಳಗೆ. ಈ ವಿದ್ಯೆಯನ್ನು ಇಡೀ ಸಾಲಿಗೆ ಕಲಿಸಿದವಳೂ ಅವಳೇ.

೨೦೧೪ರಲ್ಲಿ ಬೀದಿಬದಿ ವ್ಯಾಪಾರಿಗಳಿಗೆ ಕಾಯ್ದೆ ಬಂತು. ಪುಕ್ಕಟೆ ಬರಲಿಲ್ಲ, ಬಿಸಿಲಲ್ಲಿ ಕೂತು, ಗಂಟಲು ಹರಿದುಕೊಂಡ ಮೇಲೆ ಬಂತು. ಸಮೀಕ್ಷೆ ಮಾಡಿ ಗುರುತಿನ ಚೀಟಿ ಕೊಡಬೇಕು, ಅದು ಮುಗಿಯುವ ತನಕ ಯಾರನ್ನೂ ಎಬ್ಬಿಸಬಾರದು ಎಂದಿತು ಕಾಯ್ದೆ. ಆ ಸಮೀಕ್ಷೆ ಇವರ ಸಾಲಿಗೆ ಕಾಲಿಡಲು ಇನ್ನೂ ಮೂರು ವರ್ಷ ಹಿಡಿಯಿತು; ಅಲ್ಲಿಯ ತನಕ ಲಾರಿ ಮಾತ್ರ ಬರುವುದು ಬಿಡಲಿಲ್ಲ.

ಅಂತೂ ಒಂದು ಬೆಳಗ್ಗೆ ಸರ್ಕಾರಿ ಜೀಪು ತಿರುವಿನಲ್ಲಿ ಮೂಗು ತೋರಿಸಿತು. ವಾಜಿದ್ ಅಭ್ಯಾಸಬಲದಿಂದ ಸಿಳ್ಳೆ ಹೊಡೆದ. ಹಗ್ಗಗಳು ಸರ್ರೆಂದವು. ಸಮೀಕ್ಷೆಯ ಸಾಹೇಬರು ಇಳಿದು ನೋಡಿದರೆ ನಾಲ್ಕು ಕೊತ್ತಂಬರಿ ದಂಟು, ಒಂದು ನಾಯಿ.

ಸಂದಿಯಿಂದ ಇಣುಕಿದ ಮುನಿಕೆಂಪಮ್ಮನಿಗೆ ಸಾಹೇಬರ ಕೊರಳಲ್ಲಿ ಕ್ಯಾಮೆರಾ ಕಂಡಿತು. ಇವರು ಲಾರಿಯವರಲ್ಲ, ಸಮೀಕ್ಷೆಯವರು! ಮೂಟೆ ಎಸೆದು, ಆಗಲೇ ಹೊರಟಿದ್ದ ಜೀಪಿನ ಹಿಂದೆ ಓಡಿದಳು.

"ಸ್ವಾಮೀ, ನಾವ್ ಕೂರೋದು ಇಲ್ಲೇಯಾ!"

"ಎಲ್ಲಮ್ಮಾ? ನಾಯಿ ಫೋಟೊ ಹಿಡೀಲಾ? ಕೂತಿರೋರ್ದು ಮಾತ್ರ ಲೆಕ್ಕ. ನಾಳೆ ಇನ್ನೊಂದ್ಸಲ ಬರ್ತೀನಿ. ಆಗ್ಲೂ ಖಾಲಿ ಇದ್ರೆ ಇಲ್ಲಿ ವ್ಯಾಪಾರಾನೇ ಇಲ್ಲ ಅಂತ ಬರ್ಕೊಂಡು ಹೋಗ್ತೀನಿ."

ಸಂಜೆ ಸಾಲೆಲ್ಲ ಸೇರಿ ವಾಜಿದ್‌ಗೆ ಉಗಿಯಿತು. "ಸಿಳ್ಳೆ ನಂದು ಸರಿ, ಓಡಿದ ಕಾಲೂ ನಂದೇನಾ?" ಎಂದ ಅವನು.

"ಕಾಲು ಮಾತು ಕೇಳಂಗಿಲ್ಲ ಯಕ್ಕಾ," ಎಂದಳು ನಿಂಬೆಹಣ್ಣು ಮಾರುವ ಗದಗ ಕಡೆಯ ಪಾರವ್ವ. "ನಾಳೆನೂ ಓಡ್ತಾವ."

ಮುನಿಕೆಂಪಮ್ಮ ಕುಡುಗೋಲು ತೆಗೆದು ತನ್ನ ಟಾರ್ಪಾಲಿನ ಹಗ್ಗವನ್ನು ಕಚಕ್ಕನೆ ಕುಯ್ದಳು. "ಎಲ್ಲಾರ್ದೂ ತನ್ನಿ ಇಲ್ಲಿ."

"ಅಕ್ಕಾ, ಲಾರಿ ಬಂದ್ರೆ?" ಎಂದ ವಾಜಿದ್.

"ಬರ್ಲಿ ಬಿಡ್ಲಾ. ಓಡಕ್ಕಾಗ್ದೋರು ಕೂತ್ಕೊಂಡೇ ಬಡಿದಾಡ್ಬೇಕು."

ಮರುದಿನ ಜೀಪು ಬಂತು. ಗ್ರಹಚಾರಕ್ಕೆ ಅದರ ಹಿಂದೆಯೇ ಲಾರಿಯೂ ಬಂತು. ವಾಜಿದನ ಬೆರಳು ಬಾಯಿಗೆ ಹೋದವು; ಪಾರವ್ವ ಅವನದೇ ಬಾಳೆಹಣ್ಣು ಸುಲಿದು ಆ ಬಾಯಿಗೆ ತುರುಕಿದಳು. ಸಾಲಿನುದ್ದಕ್ಕೂ ಕೈಗಳು ಹಗ್ಗಕ್ಕೆ ತಡಕಾಡಿದವು, ಹಗ್ಗ ಎಲ್ಲಿತ್ತು? ಲಾರಿಯವರು ಧುಮುಕಿ ಮುನಿಕೆಂಪಮ್ಮನ ಬುಟ್ಟಿಗೆ ಕೈ ಹಾಕಿದರು. ಅವಳು ಟಾರ್ಪಾಲಿನ ನಡುಮಧ್ಯೆ, ಸೊಪ್ಪಿನ ಮೇಲೇ ಚಕ್ಕಳಬಕ್ಕಳ ಹಾಕಿ ಕೂತುಬಿಟ್ಟಳು.

"ಸ್ವಾಮೀ, ಇವತ್ತು ನಾಯಿ ಇಲ್ಲ, ನಾನಿವ್ನಿ! ಹಿಡೀರಿ ಫೋಟೊ! ಇವ್ರುನ್ನೂ ಸೇರ್ಸಿ ಹಿಡೀರಿ, ಕಾಯ್ದೆ ಮುರಿಯೋರ ಮಕನ ಸರ್ಕಾರಾನೂ ನೋಡ್ಲಿ!"

ಸಾಹೇಬರು ಕ್ಯಾಮೆರಾ ಎತ್ತಿದರು. ಬುಟ್ಟಿ ಹಿಡಿದಿದ್ದ ಕೈಗಳು ಕೆಂಡ ಮುಟ್ಟಿದಂತೆ ಹಿಂದೆ ಸರಿದವು. "ಸಮೀಕ್ಷೆ ನಡೀತಿದೆ, ಯಾರನ್ನೂ ಎಬ್ಬಿಸೋ ಹಾಗಿಲ್ಲ. ಹೋಗ್ರಪ್ಪಾ," ಎಂದರು ಸಾಹೇಬರು. ಲಾರಿ ಖಾಲಿಯಾಗಿಯೇ ತಿರುಗಿತು. ಆಗ ವಾಜಿದ್ ಬಾಳೆಹಣ್ಣು ನುಂಗಿ ಒಂದು ಸಿಳ್ಳೆ ಹೊಡೆದ ನೋಡಿ, ರೈಲ್ವೆ ಸ್ಟೇಷನ್ನಿಗೂ ಕೇಳಿಸಿರಬೇಕು. ಒಬ್ಬರೂ ಏಳಲಿಲ್ಲ.

ಗುರುತಿನ ಚೀಟಿ ಈಗ ಅವಳ ಕೊರಳಲ್ಲಿದೆ. ಕುಯ್ದ ಹಗ್ಗಗಳಿಗೆ ಗಂಟು ಹಾಕಿ, ನೆರಳಿಗೆಂದು ಹಳೇ ಸೀರೆ ಎಳೆದು ಕಟ್ಟಿದ್ದಾಳೆ. ಮೊನ್ನೆ ಅದೇ ಲಾರಿಯ ಡ್ರೈವರ್ ಬಂದು, "ಅಮ್ಮಾ, ದಂಟಿನ ಸೊಪ್ಪು ಹೆಂಗೆ?" ಎಂದ.

"ಚೌಕಾಸಿ ಇಲ್ಲ ಕಣಪ್ಪಾ," ಎಂದಳು ಮುನಿಕೆಂಪಮ್ಮ, ಕೂತಲ್ಲಿಂದಲೇ.