ಯಂತ್ರ ಹೋಗದ ಮೂಲೆ

ಅವರ ಬಿಳಿ ಧೋತರದ ಮೇಲೆ, ಮೊಣಕಾಲು ಬರುವಲ್ಲಿ, ರೊಟ್ಟಿಯಗಲದ ಎರಡು ಕಪ್ಪು ಕಲೆಗಳಿರುತ್ತಿದ್ದವು. ಕರಿಮಣ್ಣಿನ ಕಲೆಗಳು. ಅವರ ಹೆಂಡತಿ ಸೋಡಾದಲ್ಲಿ ನೆನೆಸಿ, ಕಲ್ಲಿಗೆ ಬಡಿದು, ಕೊನೆಗೆ ಕೈಚೆಲ್ಲಿದ್ದರು. ಎಂಬತ್ತರ ದಶಕದ ನಡುವಿನಲ್ಲಿ ರಾಯಬಾಗದ ಕಡೆಯ ಒಂದು ಹೈಸ್ಕೂಲಿಗೆ ವಿಜ್ಞಾನ ಕಲಿಸಲು ಧಾರವಾಡದಿಂದ ಬಂದ ನಾನು, ಈ ಇತಿಹಾಸದ ಮಾಸ್ತರರು ಚಿಂಚಲಿ ಮಾಯಕ್ಕನಿಗೆ, ನೆಲಕ್ಕೆ ಬಿದ್ದೆದ್ದು ಸಾಗುವ ದೀಡ ನಮಸ್ಕಾರದ ಹರಕೆ ಹೊತ್ತಿರಬೇಕು ಎಂದುಕೊಂಡಿದ್ದೆ. ಅವರು ಮೊಣಕಾಲೂರುತ್ತಿದ್ದದ್ದು ಕಂಡವರ ಹೊಲಗಳಲ್ಲಿ ಎಂದು ಆಮೇಲೆ ತಿಳಿಯಿತು.

ಅವರು ಹುಡುಕುತ್ತಿದ್ದದ್ದು ಒಂದು ಪೇಟೆಯನ್ನು. ಕೃಷ್ಣೆಯ ಈಚೆ ದಂಡೆಯಲ್ಲಿ ಎಲ್ಲೋ ದೊಡ್ಡ ಪೇಟೆಯೊಂದಿತ್ತು, ಅದು ಹಾಳಾದ ಮೇಲೆ ಜನ ಸುತ್ತಲಿನ ಹಳ್ಳಿಗಳಿಗೆ ಚದುರಿದರು ಎಂದು ಅವರ ಅಜ್ಜಿ ಹೇಳುತ್ತಿದ್ದಳಂತೆ. ಅವರ ಮನೆತನವೂ ಹಾಗೆ ಚದುರಿ ಬಂದದ್ದೇ. ಪೇಟೆಯ ಹೆಸರು ಮಾತ್ರ ಅಜ್ಜಿಗೂ ಗೊತ್ತಿರಲಿಲ್ಲ. ಹೆಸರೇ ಗೊತ್ತಿಲ್ಲದ ಊರನ್ನು ಹುಡುಕುವವರಿಗೆ ನಮ್ಮ ಸ್ಟಾಫ್ ರೂಮಿನಲ್ಲಿ ಎಷ್ಟು ಮರ್ಯಾದೆ ಸಿಗಬಹುದೋ ಅಷ್ಟೇ ಅವರಿಗೆ ಸಿಗುತ್ತಿತ್ತು.

ಚಿಕ್ಕೋಡಿ, ಅಥಣಿಯ ವಾಚನಾಲಯಗಳಲ್ಲಿ ಕುಳಿತು ಅವರು ಹಳೆಯ ಗ್ಯಾಸೆಟಿಯರ್ ಓದುತ್ತಿದ್ದರು, ನಕಾಶೆ ನೋಡುತ್ತಿದ್ದರು. ಆದರೆ ನಂಬುತ್ತಿದ್ದದ್ದು ಹೊಲಗಳಲ್ಲಿ ಕಳೆ ತೆಗೆಯುವ ಹೆಂಗಸರನ್ನು. "ಯಕ್ಕಾ, ಈ ಹೊಲಕ್ಕ ಏನಂತ ಕರೀತೀರಿ?" ಎಂದು ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತುಬಿಡುತ್ತಿದ್ದರು. ನಮ್ಮ ಕಡೆ ಊರು ಸತ್ತರೂ ಹೊಲದ ಹೆಸರು ಸಾಯುವುದಿಲ್ಲ. ಸಂತೆಯೇ ಇಲ್ಲದ ಕಡೆ ಒಂದು ಹೊಲಕ್ಕೆ 'ಸಂತಿ ಪಟ್ಟಿ' ಎಂಬ ಹೆಸರಿದ್ದರೆ ಮಾಸ್ತರರ ಕಣ್ಣು ಅರಳುತ್ತಿತ್ತು. ದಾರಿಯೇ ಇಲ್ಲದ ಬಯಲಿನಲ್ಲಿ ಮುದಿ ಹುಣಸೆಮರಗಳು ಎರಡು ಸಾಲಾಗಿ ನಿಂತಿದ್ದರೆ, ಅಲ್ಲಿ ಒಂದು ಕಾಲಕ್ಕೆ ಬಂಡಿದಾರಿ ಇತ್ತೆಂದೇ ಲೆಕ್ಕ.

"ಪುಸ್ತಕದಾಗ ರಾಜರು ಸಿಗ್ತಾರ್ರಿ ಬಾಯಾರ," ಎನ್ನುತ್ತಿದ್ದರು. ಶಿಕ್ಷಕಿಯರನ್ನು ಈ ಕಡೆ ಕರೆಯುವುದೇ ಹಾಗೆ. "ಉಪ್ಪು ಮಾರಾಂವ ಸಿಗಬೇಕಂದ್ರ ಹೊಲಕ್ಕ ಹೋಗಬೇಕು. ಬಳಿಚೂರು ಬಿದ್ದಲ್ಲಿ ಹೆಣಮಕ್ಕಳು ನಿಂತಿದ್ರು. ಹೆಣಮಕ್ಕಳು ನಿಂತಲ್ಲಿ ಅಂಗಡಿ ಇತ್ತು. ಅಂಗಡಿ ಇದ್ದಲ್ಲಿ ಏನರ ಒಂದು ಕೈಜಾರಿ ಬಿದ್ದಿರತೈತಿ."

ಆ ಕೈಜಾರಿ ಬಿದ್ದದ್ದನ್ನು ಹುಡುಕಲು ಯಂತ್ರ ಮಾಡಿಕೊಟ್ಟವಳು ನಾನು. ಮಿರಜ ಸ್ಟೇಶನ್ನಿನಲ್ಲಿ ಕೊಂಡ ಮರಾಠಿ ವಿಜ್ಞಾನ ಮಾಸಿಕದಲ್ಲಿ ಅದರ ವಿವರ ಬಂದಿತ್ತು. ಹಳೆಯ ರೇಡಿಯೋದ ಬಿಡಿಭಾಗಗಳು, ಪ್ಲೈವುಡ್ ತಟ್ಟೆಗೆ ಸುತ್ತಿದ ತಾಮ್ರದ ತಂತಿ, ಬಿದಿರಿನ ಕೋಲು, ಕಿವಿಗೆ ಹೆಡ್‌ಫೋನು. ಸೊಳ್ಳೆಯ ಹಾಗೆ ಗುಂಯ್‌ಗುಡುವ ಯಂತ್ರ, ಕೆಳಗೆ ಲೋಹವಿದ್ದರೆ ದನಿ ಏರಿಸುತ್ತಿತ್ತು. ರವಿವಾರ ಬಂತೆಂದರೆ ಮಾಸ್ತರರು, ನಾನು, ಬುತ್ತಿ ಹಿಡಿದ ಅವರ ಹೆಂಡತಿ, ಮೂವರೂ ಹೊರಡುತ್ತಿದ್ದೆವು. ಆ ತಾಯಿ ಜೊತೆಗೆ ಬರುತ್ತಿದ್ದದ್ದು ಊರಿನ ಬಾಯಿ ಮುಚ್ಚಿಸಲು. ಬೇವಿನ ನೆರಳಲ್ಲಿ ಕೂತು ಶೇಂಗಾ ಸುಲಿಯುತ್ತ, "ಇವತ್ತರ ಸಿಕ್ತೇನ್ರಿ ನಿಮ್ಮ ಪ್ಯಾಟಿ?" ಎಂದು ಗಂಡನನ್ನು ಕೆಣಕುತ್ತಿದ್ದರು. ಸಿಗುತ್ತಿದ್ದದ್ದು ಎತ್ತಿನ ಗೊರಸಿಗೆ ಬಡಿದ ನಾಲು, ಮುರಿದ ಕುಡಗೋಲು, ಬೀಡಿ ಸೇದುವವರು ಎಸೆದ ತಗಡಿನ ಡಬ್ಬಿ.

ದಿಗ್ಗೇವಾಡಿ ಕಡೆಯ ಒಂದು ಹೊಲ ಮಾತ್ರ ಬೇರೆಯಾಗಿತ್ತು. ಸುತ್ತಲೂ ಕರಿಮಣ್ಣು, ಅದರ ನಡುವೆ ಬೂದಿಬಣ್ಣದ ನೆಲ, ಹೆಜ್ಜೆಗೊಂದು ಬಳೆಚೂರು. ಹೊಲದೊಡತಿ ಒಬ್ಬ ವಿಧವೆ ಮುದುಕಿ. ಎಲ್ಲರೂ ಆಯಿ ಎನ್ನುತ್ತಿದ್ದರು. ಯಂತ್ರ ನೋಡಿ ನಕ್ಕಳು, ಹುಡುಕಿಕೊಳ್ಳಿ ಎಂದಳು. ಆಮೇಲೆ ಬದುವಿನ ಮೂಲೆಯಲ್ಲಿದ್ದ ಕಲ್ಲಿನ ಕಟ್ಟೆಯತ್ತ ಕೈ ಮಾಡಿದಳು.

"ಅಲ್ಲಿ ನಮ್ಮ ಮನಿಯವರು ಮಲಗ್ಯಾರ. ಅದೊಂದು ಕಡೆ ಹೋಗಬ್ಯಾಡ್ರಿ ಮಾಸ್ತರ."

"ನನ್ನ ನೆಳ್ಳೂ ಬೀಳಾಂಗಿಲ್ಲ ಆಯಿ," ಎಂದು ಮಾತು ಕೊಟ್ಟರು. ಕೊಟ್ಟ ಮಾತಿನಂತೆಯೇ ನಡೆದರು. ಯಂತ್ರ ಹಿಡಿದು ಆ ಮೂಲೆಯ ಹತ್ತಿರ ಬಂದಾಗಲೆಲ್ಲ ಚಪ್ಪಲಿ ಬಿಟ್ಟು, ದೂರದಿಂದಲೇ ಸುತ್ತುಹಾಕಿ ಆಚೆ ಹೋಗುತ್ತಿದ್ದರು. ದನ ಮೇಯಿಸುವವರು, ದಾರಿಹೋಕರು ನಿಂತು ನೋಡುತ್ತಿದ್ದರು.

ಸುಗ್ಗಿ ಮುಗಿದ ಮೇಲೆ ಒಂದು ಮಧ್ಯಾಹ್ನ ಯಂತ್ರ ಚೀರಿತು. ಮೊಳದಷ್ಟು ಆಳದಲ್ಲಿ ಸಿಕ್ಕದ್ದು ಒಂದಕ್ಕೊಂದು ಅಂಟಿಕೊಂಡ ಕೆಲವು ತಾಮ್ರದ ನಾಣ್ಯಗಳು, ಮತ್ತು ಒಂದರಿಂದೊಂದು ಸಣ್ಣದಾಗುತ್ತ ಹೋಗುವ ಹಿತ್ತಾಳೆಯ ತೂಕದ ಬಟ್ಟುಗಳು. ನಾಣ್ಯಗಳನ್ನು ಅವರು ಕಣ್ಣೆತ್ತಿಯೂ ನೋಡಲಿಲ್ಲ. ಬಟ್ಟುಗಳನ್ನು ಅಂಗೈಯಲ್ಲಿಟ್ಟುಕೊಂಡು ಅತ್ತರು. ತೂಕವಿದ್ದಲ್ಲಿ ತಕ್ಕಡಿ, ತಕ್ಕಡಿಯಿದ್ದಲ್ಲಿ ಪೇಟೆ. ಅಜ್ಜಿಯ ಮಾತು ನಿಜವಾಗಿತ್ತು.

ಸುಮ್ಮನೆ ಆಯಿಗೆ ಒಪ್ಪಿಸಿ ಬರೋಣ, ಯಾರಿಗೂ ಹೇಳುವುದು ಬೇಡ ಎಂದು ನಾನು ಬಡಕೊಂಡೆ. "ನೆಲದಾಗಿಂದ ಬಂದದ್ದು ಮೊದಲ ದೇವರ ಮುಂದ ಇಡಬೇಕ್ರಿ ಬಾಯಾರ. ಮುಚ್ಚಿಟ್ಟರ ಕಳವು ಆಗತೈತಿ," ಎಂದರು. ಅದು ಆ ಊರಿನ ಪದ್ಧತಿ. ಹೊಸ ಬಾವಿಯ ಮೊದಲ ನೀರಿನಿಂದ ಹಿಡಿದು ನೇಗಿಲಿಗೆ ಸಿಕ್ಕ ಕಲ್ಲಿನವರೆಗೆ ಎಲ್ಲವೂ ಗುಡಿಯ ಕಟ್ಟೆಗೆ ಬರಬೇಕು. ಆಯಿಯ ತಾಟಿನಲ್ಲೇ ಎಲ್ಲವನ್ನೂ ಇಟ್ಟು, ಅರಿಷಿಣ ಕುಂಕುಮ ಹಚ್ಚಿ, ನೆರೆದ ಜನಕ್ಕೆ ಮಾಸ್ತರರು ಪಾಠವನ್ನೇ ಮಾಡಿದರು. ಇಲ್ಲಿ ವ್ಯಾಪಾರಸ್ಥರಿದ್ದರು, ದೂರದೂರದಿಂದ ಬಂಡಿಗಳು ಬರುತ್ತಿದ್ದವು, ನಾವೆಲ್ಲ ಆ ಪೇಟೆಯ ಮಕ್ಕಳು ಎಂದರು. ಅಷ್ಟು ಚೆಂದದ ಪಾಠ ಅವರು ಕ್ಲಾಸಿನಲ್ಲಿ ಎಂದೂ ಮಾಡಿರಲಿಲ್ಲ.

ಜನರ ನಡುವಿಂದ ಒಬ್ಬ ಕೇಳಿದ, "ಮಾಸ್ತರ, ತೂಕ ಸಿಕ್ಕಾವ ಅಂದ್ರ, ತೂಗಿದ್ದು ಎಲ್ಲಿ ಹೋತ್ರಿ?"

ಎಲ್ಲರೂ ನಕ್ಕರು. ಮಾಸ್ತರರೂ ನಕ್ಕು, "ಅದನ್ನ ಇನ್ನ ಹುಡುಕಬೇಕಪಾ," ಎಂದರು.

ಆ ಒಂದು ಮಾತು ಸಾಕಾಯಿತು. ಮಾಸ್ತರರು ಏನನ್ನೋ ಮುಚ್ಚಿಟ್ಟಿದ್ದಾರೆ ಎಂಬ ಸುದ್ದಿ ನಿಪ್ಪಾಣಿ, ಕಾಗವಾಡಗಳವರೆಗೂ ಹೋಯಿತು. ಎಲ್ಲಿ ಮುಚ್ಚಿಟ್ಟಿದ್ದಾರೆ ಎಂಬುದಕ್ಕೂ ಜನರ ಹತ್ತಿರ ಉತ್ತರವಿತ್ತು. ಇಡೀ ಹೊಲ ಅಡ್ಡಾಡಿದ ಮನುಷ್ಯ ಒಂದೇ ಒಂದು ಮೂಲೆಗೆ ಯಂತ್ರ ಒಯ್ಯಲಿಲ್ಲ. ಅಲ್ಲಿ ಬಂದಾಗ ಚಪ್ಪಲಿ ಬೇರೆ ಬಿಡುತ್ತಿದ್ದ. ಅಂದಮೇಲೆ ಇರುವುದು ಅಲ್ಲೇ.

ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ಸುದ್ದಿ ಬಂತು. ನಾವು ಹೋದಾಗ ಕಟ್ಟೆಯ ಕಲ್ಲುಗಳು ಬದುವಿನಾಚೆ ಬಿದ್ದಿದ್ದವು. ಗುಂಡಿ ಆಳುದ್ದ ಇತ್ತು. ಒಡೆದ ತೆಂಗಿನಕಾಯಿ, ನಿಂಬೆಹಣ್ಣು, ಕುಂಕುಮ. ಮಣ್ಣಿನ ಗುಪ್ಪೆಯ ಮೇಲೆ ಆಯಿಯ ಗಂಡನ ಎಲುಬುಗಳು. ಆಯಿ ಒಂದೊಂದನ್ನೇ ಆರಿಸಿ ಸೆರಗಿಗೆ ಹಾಕಿಕೊಳ್ಳುತ್ತಿದ್ದಳು. ಮಾಸ್ತರರು ಅವಳ ಎದುರು ಮೊಣಕಾಲೂರಿದರು. ಅವಳು ಬೈಯಲಿಲ್ಲ. ಬೈದಿದ್ದರೆ ಅವರ ಜೀವಕ್ಕೆ ಹಗುರಾಗುತ್ತಿತ್ತೇನೋ.

"ಮಾಸ್ತರ," ಎಂದಳು, "ನೀವ ಈ ಮೂಲಿಗೂ ಯಂತ್ರ ಹಚ್ಚಿದ್ರ ಚಲೋ ಇತ್ತು."

ಅವರು ಮತ್ತೆ ಯಂತ್ರ ಹಿಡಿಯಲಿಲ್ಲ. ನಾನೇ ಅದನ್ನು ಬಿಚ್ಚಿ ಗುಜರಿಗೆ ಹಾಕಿದೆ. ಜನ ಅಗೆಯುವುದನ್ನು ನಿಲ್ಲಿಸಲಿಲ್ಲ. ಆ ಮಳೆಗಾಲಕ್ಕೆ ಹೊಲದಲ್ಲಿ ಬಿತ್ತಲು ಜಾಗ ಉಳಿದಿರಲಿಲ್ಲ. ಮಾಸ್ತರರು ಶಾಲೆ ಬಿಟ್ಟ ಮೇಲೆ ಸಲಿಕೆ ಹಿಡಿದು ಹೋಗಿ ಗುಂಡಿ ಮುಚ್ಚುತ್ತಿದ್ದರು. ಅವರು ಮುಚ್ಚಿದ್ದನ್ನು ಕಂಡು, ಇಲ್ಲೂ ಏನೋ ಇದೆ ಎಂದು ಜನ ಮತ್ತೆ ಅಗೆಯುತ್ತಿದ್ದರು. ನನಗೆ ಮನುಷ್ಯರ ಮೇಲೆ ಹೇಸಿಗೆ ಹುಟ್ಟಿದ್ದು ಆ ವರ್ಷ. ಕೊನೆಗೆ ಆಯಿ ಹೊಲ ಮಾರಿ ಮಂಗಸೂಳಿಯಲ್ಲಿದ್ದ ಮಗಳ ಮನೆ ಸೇರಿದಳು. ಕೊಂಡವರು ಟ್ರ್ಯಾಕ್ಟರ್ ಹೊಡೆದು ಕಬ್ಬು ಹಚ್ಚಿದರು. ಪೇಟೆಯೂ ಹೋಯಿತು, ಆಯಿಯ ಗಂಡನೂ ಹೋದ.

ನಿವೃತ್ತಿಯ ನಂತರವೂ ಜೀಪು ಮಾಡಿಕೊಂಡು ಜನ ಬರುತ್ತಿದ್ದರು, ಜಾಗ ತೋರಿಸಿ ಎಂದು ಕಾಲು ಹಿಡಿಯುತ್ತಿದ್ದರು. ಯಾವುದಾದರೂ ಕಲ್ಲುಮರಡಿ ತೋರಿಸಿ ಕಳಿಸಿಬಿಡಿ, ಅಗೆದು ಅಗೆದು ಸಾಯಲಿ ಎಂದೆ ನಾನು.

"ಅಲ್ಲಿನೂ ಯಾರರ ಮಲಗಿರ್ತಾರಲ್ರಿ ಬಾಯಾರ."

ಹೊಲಗಳ ಹೆಸರು ಕೇಳುವುದನ್ನು ನನಗೆ ಕಲಿಸಿದವರು ಅವರು. ಯಾವ ಊರಿಗೆ ಹೋದರೂ ಕಳೆ ತೆಗೆಯುವವರ ಹತ್ತಿರ ಕೂತು ಈಗಲೂ ಕೇಳುತ್ತೇನೆ. ಕಾಲ ಕೆಳಗಿನ ನೆಲ ಖಾಲಿಯಲ್ಲ ಎಂಬ ತಿಳಿವಳಿಕೆ ನನಗೆ ಬಂದದ್ದು ಅವರಿಂದ. ಆ ಋಣ ತೀರುವಂಥದ್ದಲ್ಲ. ಕೇಳಿದ್ದನ್ನು ಯಾರಿಗೂ ಹೇಳುವುದಿಲ್ಲ, ಇದೂ ಅವರಿಂದಲೇ ಬಂದದ್ದು.

ತೊಂಬತ್ತರ ದಶಕದ ಕೊನೆಗೆ ಅವರು ಹಾಸಿಗೆ ಹಿಡಿದರು. ಅವರ ಮನೆತನದಲ್ಲಿ ಹೂಳುವುದೇ ಪದ್ಧತಿ. ಸ್ವಂತ ಹೊಲದಲ್ಲಿ ಅಪ್ಪ, ಅಜ್ಜಂದಿರ ಸಾಲಿನಲ್ಲಿ ಜಾಗವೂ ಇತ್ತು. ಹೋಗುವ ಮುಂಚೆ ಹೆಂಡತಿಯ ಕೈ ಹಿಡಿದು, "ನನ್ನ ಹೂಳಬ್ಯಾಡ್ರಿ, ಸುಡ್ರಿ," ಎಂದರಂತೆ. ಕುಲದ ಹಿರಿಯರು ಕೂಗಾಡಿದರು, ಎಂದೂ ಆಗದ್ದು ಎಂದರು, ಕೆಲವರು ಎದ್ದೇ ಹೋದರು. ಆ ತಾಯಿ ಜಗ್ಗಲಿಲ್ಲ. "ಅವರನ್ನರ ಯಾರೂ ಅಗೀಬಾರದು," ಎಂದಷ್ಟೇ ಹೇಳಿದರು. ನದಿ ದಂಡೆಯಲ್ಲಿ ಸುಟ್ಟೆವು. ಬೂದಿಯನ್ನು ಒಂದು ಚಿಟಿಕೆಯೂ ಉಳಿಸದೆ ಕೃಷ್ಣೆಗೆ ಬಿಟ್ಟೆವು. ಅವರ ಜಾಗ ಎಲ್ಲಿ ಎಂದು ಯಾರಾದರೂ ಕೇಳಿದರೆ ತೋರಿಸಲು ನನ್ನ ಹತ್ತಿರ ಏನೂ ಇಲ್ಲ. ಅವರಿಗೆ ಬೇಕಾಗಿದ್ದೂ ಅಷ್ಟೇ.