ಏಳನೆಯ ಕಲಂ ಮತ್ತು ಮಸೂದೆ ಅಮ್ಮ

ಶಾಸನಸಭೆಯ ಕಚೇರಿಯಲ್ಲಿ ಯಾರ ಕಣ್ಣಿಗೂ ಬೀಳದ ಮಸೂದೆ ವಿಭಾಗಕ್ಕೆ ಮೂವತ್ನಾಲ್ಕು ವರ್ಷ ಆಧಾರವಾಗಿ ನಿಂತು, ಇದೀಗ ನಿವೃತ್ತರಾಗುತ್ತಿರುವ, ಎಲ್ಲರ ಬಾಯಲ್ಲೂ 'ಮಸೂದೆ ಅಮ್ಮ'ನೇ ಆಗಿಹೋದ ಹಿರಿಯರನ್ನು ಅಭಿನಂದಿಸುವಾಗ ಮೊದಲು ಹೇಳಬೇಕಾದದ್ದು ಇಷ್ಟು: ಅವರ ತಾಳ್ಮೆ ದೊಡ್ಡದು, ಅದನ್ನು ಪರೀಕ್ಷಿಸಿದವರ ದಂಡು ಇನ್ನೂ ದೊಡ್ಡದು.

ಅವರು ಏಳು ಶಾಸನಸಭೆಗಳನ್ನು ಕಂಡರು. ಪ್ರತಿ ಚುನಾವಣೆಯಲ್ಲೂ ಮುಕ್ಕಾಲು ಪಾಲು ಹೊಸಬರು. 'ತಿದ್ದುಪಡಿ ಎಂದರೇನು' ಎಂಬಲ್ಲಿಂದ ಅಮ್ಮ ಪಾಠ ಶುರು ಮಾಡಬೇಕು. ಆ ಹೊಸಬರು ಕಲಿತು ಕಣ್ಣು ಬಿಡುವಷ್ಟರಲ್ಲಿ ಮತದಾರರು ಅವರನ್ನು ಮನೆಗೆ ಕಳಿಸಬೇಕು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಹೋಗಲಿ, ಅನುಭವಿಗಳಾದರೂ ನೆರವಾದರೇ? ಆರು ಸಲ ಗೆದ್ದ ಹಿರಿಯ ಸದಸ್ಯರೊಬ್ಬರಿದ್ದರು. ಎಲ್ಲ ಗೊತ್ತಿದ್ದೂ ಬಾಯಿ ಬಿಡದವರು.

ಬಾಡಿಗೆ ಮನೆಗಳ ಕಾಯ್ದೆಯನ್ನೇ ನೋಡಿ. ಐದನೆಯ ಸಭೆ ಎರಡು ವರ್ಷ ಬಾಡಿಗೆದಾರರ ಅಹವಾಲು ಕೇಳಿ, ಮೂರು ತಿಂಗಳ ನೋಟಿಸ್ ಇಲ್ಲದೆ ಯಾರನ್ನೂ ಹೊರಹಾಕಬಾರದೆಂಬ ಹೊಸ ಕಲಂ ಸೇರಿಸಿತು. ಅದು ಏಳನೆಯದಾಯಿತು, ಹಳೆಯ ಏಳು ಎಂಟಾಯಿತು. ಆರನೆಯ ಸಭೆಯ ಹೊಸಬರೋ, ಡ್ರಾಯರಿನಲ್ಲಿ ಸಿಕ್ಕ ಹಳೆಯ ಪುಸ್ತಿಕೆ ಹಿಡಿದು, ಅದರಲ್ಲಿ ಏಳನೆಯದಾಗಿದ್ದ, ಯಾರಿಗೂ ಬೇಡದ ಅರ್ಜಿ ನಮೂನೆಯೊಂದನ್ನು ತೆಗೆಯುತ್ತಿದ್ದೇವೆಂದು ತಿಳಿದು, 'ಏಳನೇ ಕಲಂ ರದ್ದು' ಎಂದು ಕೈ ಎತ್ತಿದರು! ಅಮ್ಮ ಗಾಬರಿಯಿಂದ ಸಭಾಧ್ಯಕ್ಷರಿಗೆ ಚೀಟಿ ಕಳಿಸಿದರು. ಅವರೂ ಹೊಸಬರೇ, ಚೀಟಿಯನ್ನು ಆ ಹಿರಿಯ ಸದಸ್ಯರಿಗೆ ದಾಟಿಸಿದರು. ನಾಲ್ಕು ಮನೆ ಬಾಡಿಗೆಗೆ ಬಿಟ್ಟಿದ್ದ ಹಿರಿಯರು ಅದನ್ನು ಓದಿ, ಮಡಚಿ, ಜೇಬಿಗಿಳಿಸಿದರು.

ಮರುತಿಂಗಳು ದರ್ಜಿಯೊಬ್ಬ ಹೊಲಿಗೆ ಯಂತ್ರದ ಸಮೇತ ಬೀದಿಗೆ ಬಿದ್ದು ಕಚೇರಿಗೆ ಬಂದ.

"ನೀವು ಮಾಡಿದ ಕಾನೂನು ನಿಮಗೇ ಗೊತ್ತಿಲ್ಲ ಅಂದ್ರೆ ನಾವ್ಯಾಕೆ ಅದಕ್ಕೆ ತಲೆ ಬಾಗ್ಬೇಕು, ಅಕ್ಕಾ?"

ಅಮ್ಮ ಆ ಕಾಯ್ದೆಯ ಕಡತವನ್ನು ಕಪಾಟಿನಿಂದ ಕೆಳಗಿಳಿಸಿದರು. ಅಂದಿನ ಊಟ ಡಬ್ಬಿಯಲ್ಲೇ ಉಳಿಯಿತು. ಅಂದಿನಿಂದ ಆ ಕಡತ ಅವರ ಮೇಜು ಬಿಟ್ಟು ಕದಲಲಿಲ್ಲ. ಸಿಕ್ಕ ಸದಸ್ಯರಿಗೆಲ್ಲ ತೋರಿಸಿದರು. ಎಲ್ಲರೂ "ನೋಡೋಣ" ಎಂದರು, ಯಾರೂ ನೋಡಲಿಲ್ಲ.

ಬೀಳ್ಕೊಡುಗೆಯಂದು ಏಳನೆಯ ಸಭೆಯ ಸಭಾಧ್ಯಕ್ಷರು ಮಸೂದೆ ವಿಭಾಗದ ಅಮ್ಮನನ್ನು "ನಮ್ಮ ಗ್ರಂಥಾಲಯದ ಆಸ್ತಿ" ಎಂದು ಹೊಗಳಿ ಎಲ್ಲರಿಗಿಂತ ಮೊದಲು ತಾವೇ ಚಪ್ಪಾಳೆ ತಟ್ಟಿದರು. ಹೂಗುಚ್ಛ ಹಿಡಿದು ಹೊರಟ ಅಮ್ಮನನ್ನು, ಹಿಂದೆ ಬಸ್ ಕಂಡಕ್ಟರಾಗಿದ್ದ, ಮೊದಲ ಸಲ ಗೆದ್ದ ಸದಸ್ಯೆಯೊಬ್ಬರು ತಡೆದರು.

"ಅಮ್ಮಾ, ಈ ನೋಟಿಸ್ ಕಲಂನ ಹಿಂದಿನೋರು ಯಾಕೆ ತಂದಿದ್ರು? ಆಮೇಲೆ ಯಾಕೆ ತೆಗೆದ್ರು? ಸ್ವಲ್ಪ ಬಿಡಿಸಿ ಹೇಳ್ತೀರಾ?"

ಮೂವತ್ನಾಲ್ಕು ವರ್ಷದಲ್ಲಿ ಯಾರೂ ಕೇಳದಂಥ ಪ್ರಶ್ನೆ. ಅಮ್ಮನಿಗೆ ಸಿಟ್ಟೇ ಬಂತು.

"ಕೇಳೋಕೆ ಇವತ್ತೇ ಆಗ್ಬೇಕಿತ್ತಾ ನಿಮಗೆ?" ಎನ್ನುತ್ತಲೇ ಮೇಜಿಗೆ ಮರಳಿ, ಹೂಗುಚ್ಛವನ್ನು ಪಕ್ಕಕ್ಕಿಟ್ಟು, ಕುರ್ಚಿ ಎಳೆದು ಕೂತು, ಕಡತ ಬಿಚ್ಚಿದರು.

ನೋಟಿಸ್ ಕಲಂ ಮರಳಿ ತರಲು ಆ ಸದಸ್ಯೆ ಮಂಡಿಸುವ ತಿದ್ದುಪಡಿ ಮುಂದಿನ ಅಧಿವೇಶನಕ್ಕೆ ಬರಲಿದೆ. ಅಮ್ಮ ನೂರ್ಕಾಲ ಬಾಳಲಿ, ಅವರ ಕೆಲಸ ಹೀಗೆಯೇ ಸಾಗಲಿ ಎಂದು ನಾವು ಹಾರೈಸುತ್ತೇವೆ. ಅವರಿಗೆ ಅಷ್ಟೆಲ್ಲ ಬೇಡವಂತೆ, ಆ ಅಧಿವೇಶನದವರೆಗೆ ಕಣ್ಣು ಕಿವಿ ನೆಟ್ಟಗಿದ್ದರೆ ಸಾಕಂತೆ. ಪ್ರೇಕ್ಷಕರ ಗ್ಯಾಲರಿಗೆ ಎರಡು ಪಾಸ್ ಬೇಕೆಂದು ಈಗಾಗಲೇ ಬರೆದುಕೊಟ್ಟಿದ್ದಾರೆ. ಒಂದು ತಮಗೆ, ಇನ್ನೊಂದು ದರ್ಜಿಗೆ.